ಹಲಗೆಗೊಂದು ಒಡಲು

ತಂಬೂರಿಯ ಬುರುಡೆ ಕಳಚಿದರೆ ಉಳಿಯುವುದು ತಂತಿಯ ಕೀರಲು ದನಿ. ವಿದ್ಯುನ್ಮಾನ ವಾದ್ಯದಲ್ಲಾದರೋ ಸ್ವರ ಹುಟ್ಟುವುದು ಲೆಕ್ಕದಿಂದ. ಅದಕ್ಕೆ ಒಡಲೇಕೆಂದು ನಾನೂ ಕೇಳಿದ್ದುಂಟು.

1983ರಲ್ಲಿ ಜಪಾನಿನ ಯಮಾಹಾ ಕಂಪನಿ ಹೊರತಂದ ಡಿಎಕ್ಸ್7 ಎಂಬ ಸಿಂಥಸೈಸರು 61 ಕೀಗಳ ಭಾರಿ ಪೆಟ್ಟಿಗೆ. 2012ರಲ್ಲಿ ಇಂಗ್ಲೆಂಡಿನಿಂದ 35 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ, ಅಂಗೈಯಗಲದ ಒಂದೇ ಹಲಗೆಯ ಕಂಪ್ಯೂಟರು, ಬಂದದ್ದು ಬರಿಮೈಯಲ್ಲಿ. 2022ರಲ್ಲಿ ಹವ್ಯಾಸಿಗಳು ರಚಿಸಿದ ಮಿನಿಡೆಕ್ಸ್‌ಡ್ ತಂತ್ರಾಂಶವು ಅದರ ಮುಂದಿನ ಮಾದರಿಗಳಲ್ಲಿ ಎಂಟು ಡಿಎಕ್ಸ್7ಗಳ ನಾದವನ್ನು ಒಟ್ಟಿಗೆ ಹೊರಡಿಸಿತು. ಒಡಲು ಹೊಂದಿಸುವ ಹೊಣೆ ಮಾತ್ರ ಕೊಂಡವನದು.

ನನ್ನ ವಿದ್ಯಾರ್ಥಿಯೊಬ್ಬ ಆ ಹಲಗೆಯನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿದ. ಅಡಿಯ ಬೆಸುಗೆಗಳು ತಗಡಿಗೆ ತಾಗಿ ಹಲಗೆ ಸುಟ್ಟಿತು. ಮನೆಪಾಠ ಹೇಳಿ ಕೂಡಿಟ್ಟ ಎರಡು ತಿಂಗಳ ಹಣ ಹೋಯಿತು. ಎರಡನೆಯ ಸಲ ಪ್ಲಾಸ್ಟಿಕ್ಕಿನ ಊಟದ ಡಬ್ಬಿ ತಂದ. ಮೂಲೆಯ ನಾಲ್ಕು ತೂತುಗಳಿಗೆ ಎರಡೂವರೆ ಮಿಲಿಮೀಟರಿನ ತಿರುಪು, ಕೆಳಗೆ ಗಾಳಿಯಾಡಲು ಸಂದು, ಮುಚ್ಚಳದಲ್ಲಿ ರಂಧ್ರ. ಬಿಸಿ 80 ಡಿಗ್ರಿ ದಾಟಿದರೆ ಕಂಪ್ಯೂಟರು ತಾನಾಗಿಯೇ ನಿಧಾನಿಸುತ್ತದೆ, ಸ್ವರ ತಡವರಿಸೀತು.

ಮೊನ್ನೆ ಡಬ್ಬಿಯನ್ನು ಕಂಕುಳಲ್ಲಿರಿಸಿಕೊಂಡು ಬಂದ. ನಮ್ಮ ಮನೆಯ ಹಳೆಯ ಕೀಬೋರ್ಡಿಗೆ ತಂತಿ ಜೋಡಿಸಿ ನುಡಿಸಿದ. ಒಡಲೇಕೆಂದು ನಾನು ಮತ್ತೆ ಕೇಳಲಿಲ್ಲ.