ಗಂಡಸರ ಕ್ಯಾನ್ಸರ್ ಸಾವು: ಊರಿಗೊಂದು ಲೆಕ್ಕ ಏಕೆ?

ಈಶಾನ್ಯ ಭಾರತದ ಮೂವತ್ತು ವರ್ಷದ ಗಂಡಸು ಎಪ್ಪತ್ತು ತುಂಬುವುದರೊಳಗೆ ಕ್ಯಾನ್ಸರ್‌ಗೆ ಬಲಿಯಾಗುವ ಸಂಭವ ಶೇ 11.2. ಅದೇ ವಯಸ್ಸಿನ ಬಿಹಾರ, ಜಾರ್ಖಂಡ್ ಅಥವಾ ಒಡಿಶಾದ ಗಂಡಸಿಗೆ ಆ ಸಂಭವ ಶೇ 3ಕ್ಕೂ ಕಡಿಮೆ. 2012ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಒಂದೇ ದೇಶದ ಒಂದೇ ದಿಕ್ಕಿನಲ್ಲಿರುವ ಗಂಡಸರ ನಡುವೆ ಸುಮಾರು ನಾಲ್ಕು ಪಟ್ಟು ಅಂತರ ಬಂದದ್ದು ಹೇಗೆ?

ಇಂಥ ಪ್ರಶ್ನೆಗಳ ಬೆನ್ನುಹತ್ತಿದ ವಿಜ್ಞಾನಕ್ಕೆ ಎರಡೂವರೆ ಶತಮಾನದ ಚರಿತ್ರೆಯಿದೆ. ಅದನ್ನು ಓದುತ್ತಾ ಹೋದಂತೆ ಒಂದು ಮಾತು ಗಟ್ಟಿಯಾಗುತ್ತದೆ. ಸಾವಿನ ಪ್ರಮಾಣ ಊರಿಂದೂರಿಗೆ ಬದಲಾಗುವುದು ಹಣೆಬರಹದಿಂದಲ್ಲ. ಗಂಡಸರು ಸೇದುವುದು, ಅಗಿಯುವುದು, ಕುಡಿಯುವುದು, ಅವರು ದುಡಿಯುವ ಜಾಗ, ಮನೆಯಿಂದ ಆಸ್ಪತ್ರೆಗಿರುವ ದೂರ, ಇವು ಆ ಅಂತರದ ಬಹುಪಾಲನ್ನು ಕಟ್ಟುತ್ತವೆ. ಇವೆಲ್ಲ ಬದಲಾಯಿಸಬಹುದಾದ ಸಂಗತಿಗಳು. ಆದರೆ ಬದಲಾಯಿಸುವ ಮೊದಲು ಎಣಿಸಬೇಕು, ಸರಿಯಾಗಿ ಎಣಿಸಬೇಕು.

ವೈದ್ಯರ ಕಣ್ಣಿಗೆ ಬಿದ್ದ ಮೊದಲ ಸುಳಿವುಗಳು

1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಕೆಲಸಗಾರರಲ್ಲಿ ವೃಷಣಚೀಲದ ಕ್ಯಾನ್ಸರ್ ವಿಪರೀತವೆಂದೂ ಅದಕ್ಕೆ ಮಸಿ ಕಾರಣವೆಂದೂ ಬರೆದ. ಗಂಡಸರ ಕ್ಯಾನ್ಸರನ್ನು ದುಡಿಮೆಯ ಜೊತೆ ಜೋಡಿಸಿದ ಮೊದಲ ಸ್ಪಷ್ಟ ಬರಹ ಅದು. ಶತಮಾನದ ಬಳಿಕ, 1875ರಲ್ಲಿ, ಆಲ್ಫ್ರೆಡ್ ಹ್ಯಾವಿಲೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮರಣ ದಾಖಲೆಗಳನ್ನು ಆಧರಿಸಿ ಬಣ್ಣದ ನಕ್ಷೆಗಳನ್ನು ಪ್ರಕಟಿಸಿದ. ಆತ ನಕ್ಷೆಗೆ ಇಳಿಸಿದ್ದು ಹೆಂಗಸರ ಕ್ಯಾನ್ಸರನ್ನು ಮಾತ್ರ.

ಭಾರತದಲ್ಲಿ ಆಗ ಅಂಥ ದಾಖಲೆಗಳಿರಲಿಲ್ಲ. ಆದರೆ ಊರೂರಿನ ಆಸ್ಪತ್ರೆಗಳ ವೈದ್ಯರು ತಮ್ಮ ಕಣ್ಣಿಗೆ ಬಿದ್ದದ್ದನ್ನು ಬರೆದಿಟ್ಟರು. ಕಾಶ್ಮೀರದಲ್ಲಿ ಜನ ಚಳಿಗೆ ನಿಲುವಂಗಿಯೊಳಗೆ ಕಾಂಗ್ರಿ ಇಟ್ಟುಕೊಳ್ಳುತ್ತಾರೆ. ಹೆಣೆದ ಬುಟ್ಟಿಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ವರ್ಷಗಟ್ಟಲೆ ಆ ಬಿಸಿ ತಾಗಿದ ತೊಡೆ ಮತ್ತು ಹೊಟ್ಟೆಯ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು 1866ರಲ್ಲೇ ಎಲ್ಮ್‌ಸ್ಲಿ ಎಂಬ ವೈದ್ಯ ವರದಿ ಮಾಡಿದ್ದರು. 1933ರಲ್ಲಿ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯ ಓರ್ ಎಂಬವರು ಎಲೆ ಅಡಿಕೆ ಹೊಗೆಸೊಪ್ಪು ಹಾಕುವವರ ಬಾಯಿ ಕ್ಯಾನ್ಸರ್ ಬಗ್ಗೆ ಬರೆದರು. ಕ್ಯಾನ್ಸರ್‌ಗೂ ಸ್ಥಳೀಯ ರೂಢಿಗೂ ನಂಟಿದೆ ಎಂಬುದು ಹೀಗೆ ಬಿಡಿಬಿಡಿಯಾಗಿ ತಿಳಿಯುತ್ತಾ ಬಂತು. ಕೊರತೆಯಿದ್ದದ್ದು ಒಂದೇ: ಆಸ್ಪತ್ರೆಗೆ ಬಂದವರು ಎಷ್ಟೆಂದು ಗೊತ್ತಿತ್ತು, ಊರಿನಲ್ಲಿ ಸತ್ತವರು ಎಷ್ಟೆಂದು ಗೊತ್ತಿರಲಿಲ್ಲ.

ಹೋಲಿಕೆಗೆ ಬೇಕಾದ ಅಳತೆಗೋಲು

ಎರಡು ಪ್ರದೇಶಗಳ ಸಾವನ್ನು ಹೋಲಿಸುವಾಗ ದೊಡ್ಡ ತೊಡಕು ವಯಸ್ಸು. ಕ್ಯಾನ್ಸರ್ ವಯಸ್ಸಿನೊಡನೆ ಏರುವ ಕಾಯಿಲೆ. ವಯಸ್ಸಾದವರು ಹೆಚ್ಚಿರುವ ಕೇರಳವನ್ನೂ ಯುವಕರು ತುಂಬಿರುವ ಬಿಹಾರವನ್ನೂ ಹಾಗೆಯೇ ಹೋಲಿಸಿದರೆ ಕೇರಳಕ್ಕೆ ಅನ್ಯಾಯವಾಗುತ್ತದೆ. ಜಪಾನಿನ ಸೆಂಡಾಯ್ ನಗರದ ಮಿತ್ಸುವೊ ಸೆಗಿ ಇದಕ್ಕೆ ದಾರಿ ತೋರಿಸಿದರು. 1960ರಲ್ಲಿ ಅವರು ಜಗತ್ತಿಗೆಲ್ಲ ಅನ್ವಯಿಸುವ ಒಂದು ಮಾದರಿ ಜನಸಂಖ್ಯೆಯನ್ನು ರೂಪಿಸಿ, ಇಪ್ಪತ್ತನಾಲ್ಕು ದೇಶಗಳ ಕ್ಯಾನ್ಸರ್ ಸಾವುಗಳನ್ನು ಅದಕ್ಕೆ ಹೊಂದಿಸಿ ಲೆಕ್ಕ ಹಾಕಿದರು. ಬ್ರಿಟನ್ನಿನ ರಿಚರ್ಡ್ ಡಾಲ್ 1966ರಲ್ಲಿ ಅದನ್ನು ತುಸು ತಿದ್ದಿದರು. ಇಂದಿಗೂ ಕ್ಯಾನ್ಸರ್ ವರದಿಗಳಲ್ಲಿ 'ವಯಸ್ಸಿಗೆ ಹೊಂದಿಸಿದ ದರ' ಎಂದು ಕಾಣುವುದು ಈ ಲೆಕ್ಕವೇ.

ಅಳತೆ ಸಿಕ್ಕಮೇಲೆ ಇನ್ನೊಂದು ಪ್ರಶ್ನೆ ಎದುರಾಯಿತು. ಜಪಾನಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚಿರುವುದು ಜನರ ರಕ್ತದಿಂದಲೋ ಜೀವನಕ್ರಮದಿಂದಲೋ? ವಿಲಿಯಂ ಹೆನ್ಸೆಲ್ ಮತ್ತು ಮಿನೋರು ಕುರಿಹಾರ 1968ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಜಪಾನಿಯರ ಸಾವುಗಳನ್ನು ಪರಿಶೀಲಿಸಿದರು. ಅಮೆರಿಕದಲ್ಲಿ ಹುಟ್ಟಿದ ಪೀಳಿಗೆಗೆ ಬರುವಷ್ಟರಲ್ಲಿ ಹೊಟ್ಟೆಯ ಕ್ಯಾನ್ಸರ್ ಸಾವು ಇಳಿದಿತ್ತು, ದೊಡ್ಡ ಕರುಳಿನ ಕ್ಯಾನ್ಸರ್ ಸಾವು ಸುತ್ತಲಿನ ಅಮೆರಿಕನ್ನರ ಮಟ್ಟದತ್ತ ಏರಿತ್ತು. ನೆಲ ಬದಲಾದರೆ ಕ್ಯಾನ್ಸರಿನ ಸ್ವರೂಪವೂ ಬದಲಾಗುತ್ತದೆ ಎಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು.

ನಕ್ಷೆ ತೋರಿಸಿದ ಹಡಗುಕಟ್ಟೆ

1975ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1950ರಿಂದ 1969ರವರೆಗಿನ ಸಾವುಗಳನ್ನು ಕೌಂಟಿವಾರು ವಿಂಗಡಿಸಿ ಒಂದು ನಕ್ಷೆಪುಸ್ತಕ ತಂದಿತು. ಅಲ್ಲಿನ ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥ ಚಿಕ್ಕ ಘಟಕ. ಅಷ್ಟು ಚಿಕ್ಕದಾಗಿ ವಿಂಗಡಿಸಿದ್ದೇ ಈ ಕೆಲಸದ ಹೆಚ್ಚುಗಾರಿಕೆ. ಗಂಡಸರ ಶ್ವಾಸಕೋಶ ಕ್ಯಾನ್ಸರಿನ ಪುಟ ತೆರೆದರೆ ಆಗ್ನೇಯ ಅಟ್ಲಾಂಟಿಕ್ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯ ದಡದುದ್ದಕ್ಕೂ ಗಾಢ ಬಣ್ಣದ ಪಟ್ಟಿ ಎದ್ದು ಕಾಣುತ್ತಿತ್ತು.

ವಿಲಿಯಂ ಬ್ಲಾಟ್, ಜೋಸೆಫ್ ಫ್ರೌಮೆನಿ ಮುಂತಾದ ಸಂಶೋಧಕರು ಜಾರ್ಜಿಯಾ ರಾಜ್ಯದ ಕರಾವಳಿಗೆ ಹೋಗಿ ರೋಗಿಗಳ ಕಸುಬಿನ ಚರಿತ್ರೆಯನ್ನು ಕೇಳಿ ಬರೆದುಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಹಡಗು ಕಟ್ಟುವ ಕೆಲಸ ಭರದಿಂದ ನಡೆದಿತ್ತು. ಕೊಳವೆ, ಬಾಯ್ಲರುಗಳಿಗೆ ಕಲ್ನಾರು ಸುತ್ತುತ್ತಿದ್ದರು, ಅದರ ಧೂಳು ಕೆಲಸಗಾರರ ಶ್ವಾಸಕೋಶ ಸೇರುತ್ತಿತ್ತು. ಧೂಮಪಾನದ ಪಾಲನ್ನು ಬದಿಗಿಟ್ಟು ಲೆಕ್ಕ ಹಾಕಿದರೂ, ಆ ಕಟ್ಟೆಗಳಲ್ಲಿ ದುಡಿದವರಿಗೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ 1.6 ಪಟ್ಟು ಎಂದು 1978ರಲ್ಲಿ ವರದಿಯಾಯಿತು. ಯುದ್ಧ ಮುಗಿದು ಮೂವತ್ತು ವರ್ಷವಾಗಿತ್ತು. ಕೆಲಸಗಾರರು ಎಂದೋ ಊರಿಗೆ ಮರಳಿ ಬೇರೆ ಕಸುಬು ಹಿಡಿದಿದ್ದರು. ಒಬ್ಬೊಬ್ಬ ವೈದ್ಯನಿಗೂ ಬಿಡಿ ಪ್ರಕರಣವಾಗಿ ತೋರಿದ್ದು ಎಲ್ಲ ಸಾವುಗಳನ್ನೂ ಒಂದೆಡೆ ಕೂಡಿಸಿದಾಗ ಕಾರಣಸಮೇತ ಕಂಡಿತು.

ಇದೇ ಕಾಲದಲ್ಲಿ ಬೇರೆ ದೇಶಗಳಲ್ಲೂ ಇಂಥ ಹುಡುಕಾಟ ನಡೆಯಿತು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಗಂಡಸರಲ್ಲಿ ಅನ್ನನಾಳದ ಕ್ಯಾನ್ಸರ್ ಏಕೆ ಇಷ್ಟೆಂದು ಟೈನ್ಸ್ ಮತ್ತು ಸಂಗಡಿಗರು 1977ರಲ್ಲಿ ಕಂಡುಕೊಂಡರು. ಮದ್ಯ, ತಂಬಾಕು ಎರಡನ್ನೂ ಅತಿಯಾಗಿ ಬಳಸುವವರಿಗೆ, ಎರಡನ್ನೂ ತೀರ ಕಡಿಮೆ ಬಳಸುವವರಿಗಿಂತ ನಲವತ್ತು ಪಟ್ಟಿಗೂ ಮಿಕ್ಕಿದ ಅಪಾಯವಿತ್ತು. ಎರಡು ಚಟಗಳು ಕೂಡಿದಾಗ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ. ಚೀನಾ 1970ರ ದಶಕದಲ್ಲಿ ದೇಶವ್ಯಾಪಿ ಮರಣ ಸಮೀಕ್ಷೆ ನಡೆಸಿ ಹೆನಾನ್ ಪ್ರಾಂತ್ಯದ ಲಿನ್‌ಶಿಯನ್ ಕೌಂಟಿಯಲ್ಲಿ ಅನ್ನನಾಳದ ಕ್ಯಾನ್ಸರ್, ಕಿಡಾಂಗ್‌ನಲ್ಲಿ ಯಕೃತ್ತಿನ ಕ್ಯಾನ್ಸರ್ ವಿಪರೀತವಿರುವುದನ್ನು ಗುರುತಿಸಿತು. ಲಿನ್‌ಶಿಯನ್‌ನಲ್ಲಿ ಸುಮಾರು 30,000 ಜನರಿಗೆ ಪೋಷಕಾಂಶದ ಮಾತ್ರೆಗಳನ್ನು ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಸೆಲೆನಿಯಂ, ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಪಡೆದವರ ಕ್ಯಾನ್ಸರ್ ಸಾವು ಶೇ 13ರಷ್ಟು ತಗ್ಗಿತೆಂದು 1993ರಲ್ಲಿ ವರದಿಯಾಯಿತು. ನಕ್ಷೆ ಬಿಡಿಸುವ ಕೆಲಸ ಇಲ್ಲಿ ಸಾವು ತಗ್ಗಿಸುವ ಪ್ರಯತ್ನಕ್ಕೆ ದಾರಿ ಮಾಡಿಕೊಟ್ಟಿತು.

ಭಾರತದ ನೋಂದಣಿ, ಬೆಂಗಳೂರಿನ ಪಾಲು

1941ರಲ್ಲಿ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅಲ್ಲಿನ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್, ಭಾರತದ ಬೇರೆಬೇರೆ ಸಮುದಾಯಗಳಲ್ಲಿ ಬೇರೆಬೇರೆ ಅಂಗಗಳ ಕ್ಯಾನ್ಸರ್ ಕಾಣಿಸಿಕೊಳ್ಳುವುದರತ್ತ ಗಮನ ಸೆಳೆದರು. 1960ರ ದಶಕದಲ್ಲಿ ಡಾ. ಡಿ.ಜೆ. ಜಸ್ಸಾವಾಲಾ ಅವರ ನೇತೃತ್ವದಲ್ಲಿ ಮುಂಬೈ ಕ್ಯಾನ್ಸರ್ ನೋಂದಣಿ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಿಂದ ಮಾಹಿತಿ ಸಂಗ್ರಹಿಸತೊಡಗಿದಾಗ ಮುಂಬೈ, ಚೆನ್ನೈಗಳ ಜೊತೆ ಬೆಂಗಳೂರೂ ಇತ್ತು. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆ ಹೊಣೆ ಹೊತ್ತಿತು. ಹಳ್ಳಿಗಳ ಲೆಕ್ಕಕ್ಕಾಗಿ 1987ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಗ್ರಾಮೀಣ ನೋಂದಣಿ ಬಂತು.

ನೋಂದಣಿಯ ಕೆಲಸ ತಾಳ್ಮೆಯದು. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ ತಿರುಗಿ ಹೆಸರು, ವಯಸ್ಸು, ವಿಳಾಸ, ಕ್ಯಾನ್ಸರಿನ ಜಾಗವನ್ನು ಬರೆದುಕೊಳ್ಳಬೇಕು. ಒಬ್ಬನೇ ರೋಗಿ ಮೂರು ಕಡೆ ತೋರಿಸಿಕೊಂಡಿದ್ದರೆ ಅವನನ್ನು ಒಮ್ಮೆ ಮಾತ್ರ ಎಣಿಸಬೇಕು. ಬಳಿಕ ನಗರಪಾಲಿಕೆಯ ಮರಣ ದಾಖಲೆಗಳೊಡನೆ ತಾಳೆ ನೋಡಬೇಕು. ಕಷ್ಟ ಎದುರಾಗುವುದು ಇಲ್ಲೇ. ಕ್ಯಾನ್ಸರಿನಿಂದ ಸತ್ತವನ ಪ್ರಮಾಣಪತ್ರದಲ್ಲಿ ಎಷ್ಟೋ ಬಾರಿ 'ಹೃದಯ ಸ್ತಂಭನ' ಎಂದಷ್ಟೇ ಇರುತ್ತದೆ. ಪ್ರತಿ ಸಾವಿನಲ್ಲೂ ಕೊನೆಗೆ ಹೃದಯ ನಿಲ್ಲುತ್ತದೆ, ಅದು ಕಾರಣವಾಗಲಾರದು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ಕ್ಕೆ ಮಾತ್ರ.

2001ರ ಹೊತ್ತಿಗೆ ಬೆಂಗಳೂರಿನಲ್ಲಿ ಡಾ. ಎ. ನಂದಕುಮಾರ್ ಅವರ ನೇತೃತ್ವದಲ್ಲಿ ದೇಶದ ಕ್ಯಾನ್ಸರ್ ನಕ್ಷೆಯ ಕೆಲಸ ಆರಂಭವಾಯಿತು. ನಾನಾ ಊರುಗಳ ರೋಗಶಾಸ್ತ್ರ ವಿಭಾಗಗಳು ತಾವು ದೃಢಪಡಿಸಿದ ಪ್ರಕರಣಗಳನ್ನು ಅಂತರ್ಜಾಲದ ಮೂಲಕ ಬೆಂಗಳೂರಿಗೆ ಕಳುಹಿಸಿದವು. ನೋಂದಣಿ ಇಲ್ಲದ ಜಿಲ್ಲೆಗಳೂ ಹೀಗೆ ಮೊದಲ ಬಾರಿ ಬೆಳಕಿಗೆ ಬಂದವು. ಮಿಜೋರಾಂನ ಐಜ್ವಾಲ್ ಸೇರಿದಂತೆ ಈಶಾನ್ಯದ ಜಿಲ್ಲೆಗಳು ಮುಂಚೂಣಿಯಲ್ಲಿ ಕಂಡದ್ದರಿಂದ ಅಲ್ಲಿ ಪೂರ್ಣ ಪ್ರಮಾಣದ ನೋಂದಣಿಗಳನ್ನು ಸ್ಥಾಪಿಸಲಾಯಿತು. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದ 2020ರ ವರದಿಯ ಪ್ರಕಾರ ಹೊಸದಾಗಿ ಪತ್ತೆಯಾಗುವ ಕ್ಯಾನ್ಸರ್, ವಯಸ್ಸಿಗೆ ಹೊಂದಿಸಿದ ಲೆಕ್ಕದಲ್ಲಿ, ಐಜ್ವಾಲ್‌ನ ಲಕ್ಷ ಗಂಡಸರಲ್ಲಿ 269.4. ದೆಹಲಿಯಲ್ಲಿ 147. ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ಬೀಡ್‌ನಲ್ಲಿ 39.5.

ಮನೆ ಬಾಗಿಲಿಗೆ ಹೋದ ಎಣಿಕೆ

ನೋಂದಣಿಗಳು ದೇಶದ ಜನಸಂಖ್ಯೆಯ ಸಣ್ಣ ಪಾಲನ್ನಷ್ಟೇ ಒಳಗೊಳ್ಳುತ್ತವೆ. ಹಳ್ಳಿಯಲ್ಲಿ ಮನೆಯಲ್ಲೇ ಕಣ್ಣುಮುಚ್ಚಿದವರ ಕಾರಣ ತಿಳಿಯುವುದು ಹೇಗೆ? ಡಾ. ಪ್ರಭಾತ್ ಝಾ ಮತ್ತು ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ಕೂಡಿ ನಡೆಸಿದ 'ಮಿಲಿಯನ್ ಡೆತ್ ಸ್ಟಡಿ' ಇದಕ್ಕೆ ಉತ್ತರ ಹುಡುಕಿತು. ತರಬೇತಿ ಪಡೆದ ಸಮೀಕ್ಷಕರು ಸಾವು ಸಂಭವಿಸಿದ ಮನೆಗೆ ಹೋಗಿ ಮಡದಿ, ಮಕ್ಕಳು, ಅಣ್ಣತಮ್ಮಂದಿರನ್ನು ಕೇಳಿದರು. ಎಷ್ಟು ತಿಂಗಳು ನರಳಿದರು? ತೂಕ ಇಳಿದಿತ್ತೇ? ಅನ್ನ ನುಂಗಲು ತ್ರಾಸವಿತ್ತೇ? ಬಾಯಲ್ಲಿ ವಾಸಿಯಾಗದ ಹುಣ್ಣಿತ್ತೇ? ಕೆಮ್ಮಿದರೆ ರಕ್ತ ಬರುತ್ತಿತ್ತೇ? ಮನೆಯವರು ಹೇಳಿದ್ದನ್ನು ಅವರದೇ ಭಾಷೆಯಲ್ಲಿ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಕಾರಣ ನಿರ್ಧರಿಸಿದರು. ಒಮ್ಮತ ಬಾರದಿದ್ದರೆ ಹಿರಿಯ ವೈದ್ಯರೊಬ್ಬರು ತೀರ್ಮಾನಿಸಿದರು. 2001ರಿಂದ 2003ರ ನಡುವಿನ ಸುಮಾರು 1,22,000 ಸಾವುಗಳನ್ನು ಹೀಗೆ ಪರಿಶೀಲಿಸಲಾಯಿತು. ಅವುಗಳಲ್ಲಿ 7,137 ಕ್ಯಾನ್ಸರ್ ಸಾವುಗಳು.

ಈ ಅಧ್ಯಯನದ ಆಧಾರದ ಮೇಲೆ 2010ರ ಅಂದಾಜು ಹೊರಬಿತ್ತು. ಮೂವತ್ತರಿಂದ ಅರವತ್ತೊಂಬತ್ತರ ವಯಸ್ಸಿನ ಸುಮಾರು ಎರಡು ಲಕ್ಷ ಗಂಡಸರು ಆ ವರ್ಷ ಕ್ಯಾನ್ಸರಿನಿಂದ ಸತ್ತಿದ್ದರು. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು, ಬಳಿಕ ಹೊಟ್ಟೆ, ಆಮೇಲೆ ಶ್ವಾಸಕೋಶ. ಗಂಡಸರ ಕ್ಯಾನ್ಸರ್ ಸಾವುಗಳಲ್ಲಿ ಶೇ 42 ತಂಬಾಕಿಗೆ ಸಂಬಂಧಿಸಿದವು. ಕ್ಯಾನ್ಸರ್ ಪೇಟೆಯವರ ಕಾಯಿಲೆ ಎಂಬ ನಂಬಿಕೆಯೂ ಬಿದ್ದುಹೋಯಿತು: ಲಕ್ಷಕ್ಕೆ ನಗರದ ಗಂಡಸರಲ್ಲಿ 102.4 ಸಾವು, ಹಳ್ಳಿಯವರಲ್ಲಿ 95.6. ನಿಜವಾದ ಕಂದರ ಇದ್ದದ್ದು ಶಿಕ್ಷಣದಲ್ಲಿ. ಓದು ಬರಹ ಬಾರದ ಗಂಡಸರಲ್ಲಿ ಲಕ್ಷಕ್ಕೆ 106.6, ಹೆಚ್ಚು ಓದಿದವರಲ್ಲಿ 45.7.

ಈಶಾನ್ಯ ಹೇಳುವುದು

ಈಶಾನ್ಯದ ಗಂಡಸರ ಮೇಲೆ ಹಲವು ಅಪಾಯಗಳು ಒಟ್ಟಿಗೆ ಎರಗಿವೆ. 2016-17ರ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರು ಶೇ 28.6 ಇದ್ದರೆ ತ್ರಿಪುರದಲ್ಲಿ ಶೇ 64.5, ಮಿಜೋರಾಂನಲ್ಲಿ ಶೇ 58.7. ಮಿಜೋರಾಂನಲ್ಲಿ ತಂಬಾಕಿನ ಹೊಗೆಯನ್ನು ನೀರಿಗೆ ಹಾಯಿಸಿ ಮಾಡಿದ 'ತುಯಿಬುರ್' ಅನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಯಿದೆ. ಹೊಗೆಯಲ್ಲಿ ಒಣಗಿಸಿದ, ಉಪ್ಪು ಹಾಕಿದ ಮಾಂಸ ಮತ್ತು ಮೀನು ಊಟದ ಭಾಗ. ಹೊಟ್ಟೆಯ ಕ್ಯಾನ್ಸರ್ ಅಲ್ಲಿ ಮುಂದಿರುವುದಕ್ಕೂ ಇವಕ್ಕೂ ಇರುವ ನಂಟನ್ನು ಸಂಶೋಧಕರು ತೋರಿಸಿದ್ದಾರೆ. ಮೇಘಾಲಯದಲ್ಲಿ ಹಸಿ ಅಡಿಕೆ ಅಗಿಯುವ 'ಕ್ವಾಯ್' ಅತಿಥಿ ಸತ್ಕಾರದ ಅಂಗ, ಪೂರ್ವ ಖಾಸಿ ಬೆಟ್ಟಗಳ ಗಂಡಸರಲ್ಲಿ ಅನ್ನನಾಳದ ಕ್ಯಾನ್ಸರ್ ದೇಶದಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿದೆ.

ಇದಕ್ಕೆ ಚಿಕಿತ್ಸೆಯ ಕೊರತೆಯೂ ಸೇರಿತು. ದಶಕಗಳ ಕಾಲ ಅಲ್ಲಿನ ಎಷ್ಟೋ ರೋಗಿಗಳು ಮುಂಬೈಗೋ ವೆಲ್ಲೂರಿಗೋ ಹೋಗಬೇಕಿತ್ತು. ಕಾಯಿಲೆ ಬರುವುದು ಒಂದು ಲೆಕ್ಕ, ಬಂದ ಕಾಯಿಲೆಯಿಂದ ಸಾಯುವುದು ಇನ್ನೊಂದು ಲೆಕ್ಕ. ಎರಡರ ನಡುವಿನ ಅಂತರವನ್ನು ಆಸ್ಪತ್ರೆ, ಹಣ ಮತ್ತು ಸಮಯ ನಿರ್ಧರಿಸುತ್ತವೆ. ಅಸ್ಸಾಂ ಸರ್ಕಾರ ಮತ್ತು ಟಾಟಾ ಟ್ರಸ್ಟ್ಸ್ ಸೇರಿ ಜಿಲ್ಲೆಗಳಿಗೆ ಹಂಚಿದ ಕ್ಯಾನ್ಸರ್ ಆಸ್ಪತ್ರೆಗಳ ಜಾಲದಲ್ಲಿ ಏಳು ಆಸ್ಪತ್ರೆಗಳು 2022ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದವು. ರೋಗಿಯನ್ನು ಆಸ್ಪತ್ರೆಯ ಬಳಿಗೆ ಅಟ್ಟುವ ಬದಲು ಆಸ್ಪತ್ರೆಯನ್ನು ರೋಗಿಯ ಬಳಿಗೆ ತರುವ ಈ ಕ್ರಮಕ್ಕೆ ಹಿಂದಿನ ಎಣಿಕೆಯೇ ಬುನಾದಿ.

ನಮ್ಮ ಜಿಲ್ಲೆಗಳ ಮುಂದಿರುವ ಕೆಲಸ

ಕರ್ನಾಟಕಕ್ಕೆ ಈ ಚರಿತ್ರೆ ದೂರದ್ದಲ್ಲ. ಅದೇ ತಂಬಾಕು ಸಮೀಕ್ಷೆಯಲ್ಲಿ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ತಂಬಾಕು ಬಳಸುವವರು, ಅವರಲ್ಲಿ ಗಂಡಸರೇ ಹೆಚ್ಚು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು, ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ಕೆಲಸ ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು, ಆದರೆ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಕೊಂಡು ಬೆರೆಸಿಕೊಳ್ಳುವುದು ಅಂಗಡಿ ಮುಂಗಟ್ಟಿನಲ್ಲಿ ದಿನನಿತ್ಯದ ನೋಟ. ಬೆಳೆಗಾರರಿಗೆ, ಬೀಡಿ ಕಟ್ಟುವವರಿಗೆ ಬೇರೆ ದಾರಿ ಒದಗಿಸುವ ಹೊಣೆಯನ್ನು ಸರ್ಕಾರ ಹೊರದೆ ಈ ಮಾತು ಪೂರ್ತಿಯಾಗುವುದಿಲ್ಲ.

ಸಾವು ತಗ್ಗಿಸುವ ಉಪಾಯಗಳು ಪ್ರಯೋಗದಲ್ಲಿ ಗೆದ್ದಿವೆ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಟಾರ್ಚ್ ಬೆಳಕಿನಲ್ಲಿ ಬಾಯಿ ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ ಕಂಡವರನ್ನು ವೈದ್ಯರ ಬಳಿ ಕಳುಹಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಇದರಿಂದ ಶೇ 34ರಷ್ಟು ತಗ್ಗಿತೆಂದು 2005ರಲ್ಲಿ 'ಲ್ಯಾನ್ಸೆಟ್' ವರದಿ ಮಾಡಿತು. ದುಬಾರಿ ಯಂತ್ರವಿಲ್ಲ, ಸೂಜಿಯಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಗೌರವದ ಸಂಭಾವನೆ ಕೊಟ್ಟರೆ ಇದು ಪ್ರತಿ ತಾಲ್ಲೂಕಿನಲ್ಲೂ ಸಾಧ್ಯ.

ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಹೇಳಬೇಕಾದದ್ದು ಜಿಲ್ಲಾವಾರು ಲೆಕ್ಕ. ಬೆಂಗಳೂರಿನ ಅಂಕಿಗಳನ್ನು ಹಿಡಿದು ರಾಯಚೂರಿಗೆ, ಚಾಮರಾಜನಗರಕ್ಕೆ ಯೋಜನೆ ಹಾಕಲಾಗದು. ಅದಕ್ಕಾಗಿ ಪ್ರತಿ ಸಾವಿನ ನಿಜವಾದ ಕಾರಣ ದಾಖಲಾಗಬೇಕು. ವೈದ್ಯರು 'ಹೃದಯ ಸ್ತಂಭನ' ಎಂದು ಬರೆದು ಕೈತೊಳೆದುಕೊಳ್ಳಬಾರದು, ಮನೆಯವರು ಪ್ರಮಾಣಪತ್ರವನ್ನು ಆಸ್ತಿ ವರ್ಗಾವಣೆಯ ಕಾಗದವೆಂದಷ್ಟೇ ನೋಡಬಾರದು. ಜಾರ್ಜಿಯಾದ ಹಡಗುಕಟ್ಟೆಯ ಕೆಲಸಗಾರರ ಕಾಯಿಲೆಯ ಮೂಲ ಗೊತ್ತಾದದ್ದು ಯಾರೋ ಅವರ ಸಾವಿನ ಕಾರಣವನ್ನು ನಿಷ್ಠೆಯಿಂದ ಬರೆದಿಟ್ಟಿದ್ದರಿಂದ. ನಮ್ಮ ಜಿಲ್ಲೆಗಳಲ್ಲೂ ಆ ನಿಷ್ಠೆ ಬಂದರೆ, ಯಾವ ತಾಲ್ಲೂಕಿನ ಗಂಡಸರು ಏತಕ್ಕೆ ಬೇಗ ಸಾಯುತ್ತಿದ್ದಾರೆ ಎಂಬುದು ಇನ್ನೊಂದು ತಲೆಮಾರು ಕಾಯದೆ ತಿಳಿಯುತ್ತದೆ, ತಿಳಿದಮೇಲೆ ಸುಮ್ಮನಿರಲು ಯಾವ ಸರ್ಕಾರಕ್ಕೂ ನೆಪ ಉಳಿಯುವುದಿಲ್ಲ.