ಶೇಕಡಾ 300ರ ಹಿಂದೆ ಎಷ್ಟು ಜನ?

ನಾನು ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದೇನೆ. ಈ ತಿಂಗಳು ನಿಮಗೆ ನಾವಿರುವ ಆಸ್ಟ್ರೇಲಿಯಾದ ಇತಿಹಾಸದ ಒಂದು ಪುಟವನ್ನು ಹೇಳಬೇಕೆಂದಿದ್ದೇನೆ. ಇದು ಬಂದೂಕಿನ ಕಾನೂನಿನ ಕಥೆ. ಆ ಕಾನೂನಿನ ಬಗ್ಗೆ ವಾದ ಮಾಡುವವರು ಅಂಕಿ-ಅಂಶಗಳನ್ನು ಹೇಗೆ ತಮಗೆ ಬೇಕಾದಂತೆ ತಿರುಗಿಸಿದರು ಎಂಬ ಕಥೆಯೂ ಹೌದು. ಇದೆಲ್ಲ ನಾನು ಹುಟ್ಟುವ ಮೊದಲು ನಡೆದದ್ದು. ನಿಮ್ಮಲ್ಲಿ ಅನೇಕ ಅಪ್ಪ-ಅಮ್ಮಂದಿರು ಆಗ ಭಾರತದಲ್ಲಿ ಇದ್ದಿರಬಹುದು.

ಟಾಸ್ಮೇನಿಯಾದ ಪೋರ್ಟ್ ಆರ್ಥರ್ ಹಿಂದೆ ಬ್ರಿಟಿಷರು ಕೈದಿಗಳನ್ನು ಇಡುತ್ತಿದ್ದ ಜಾಗ. ಈಗ ಅದು ಪ್ರವಾಸಿ ತಾಣ. 1996ರ ಏಪ್ರಿಲ್ 28, ಭಾನುವಾರ, ಅಲ್ಲಿಗೆ ಬಂದ ಒಬ್ಬ ವ್ಯಕ್ತಿ ಸೆಮಿ-ಆಟೊಮ್ಯಾಟಿಕ್ ರೈಫಲ್‌ನಿಂದ ಗುಂಡು ಹಾರಿಸಿ 35 ಜನರನ್ನು ಕೊಂದ. ಸತ್ತವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಇಡೀ ದೇಶ ದುಃಖದಲ್ಲಿ ಮುಳುಗಿತು.

ಆಗ ಜಾನ್ ಹೊವರ್ಡ್ ಪ್ರಧಾನಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಬಂದೂಕಿನ ಕಾನೂನು ಇಲ್ಲಿ ರಾಜ್ಯಗಳ ಕೈಯಲ್ಲಿದೆ, ಆದ್ದರಿಂದ ಎಲ್ಲ ರಾಜ್ಯಗಳನ್ನೂ ಒಪ್ಪಿಸಬೇಕಿತ್ತು. ಕೇವಲ 12 ದಿನಗಳಲ್ಲಿ, ಮೇ 10ರಂದು, ಒಪ್ಪಂದ ಆಯಿತು. ಸಾಮಾನ್ಯ ಜನರು ಸೆಮಿ-ಆಟೊಮ್ಯಾಟಿಕ್ ರೈಫಲ್ ಇಟ್ಟುಕೊಳ್ಳುವುದಕ್ಕೆ ನಿಷೇಧ ಬಂತು. ಪ್ರತಿ ಬಂದೂಕಿಗೂ ನೋಂದಣಿ ಬೇಕು, ಲೈಸೆನ್ಸ್ ಪಡೆಯಲು ಸರಿಯಾದ ಕಾರಣ ಕೊಡಬೇಕು, ಆತ್ಮರಕ್ಷಣೆ ಎಂಬ ಕಾರಣ ಸಾಲದು ಎಂದಾಯಿತು. ಸರ್ಕಾರ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ವಾಪಸ್ಸು ಪಡೆಯಿತು. ಅದಕ್ಕಾಗಿ ಒಂದು ವರ್ಷ ಮೆಡಿಕೇರ್ ಲೆವಿಯನ್ನು ಶೇಕಡಾ 1.5ರಿಂದ 1.7ಕ್ಕೆ ಏರಿಸಿದರು. ಅನೇಕ ರೈತರಿಗೆ ಮತ್ತು ಬೇಟೆಗಾರರಿಗೆ ಸಿಟ್ಟು ಬಂತು. ವಿಕ್ಟೋರಿಯಾದ ಸೇಲ್ ಎಂಬ ಊರಿನಲ್ಲಿ ಹೊವರ್ಡ್ ಕೋಟಿನ ಒಳಗೆ ಗುಂಡು ನಿರೋಧಕ ಅಂಗಿ ಹಾಕಿಕೊಂಡು ಭಾಷಣ ಮಾಡಿದರು.

ಇನ್ನು ಅಂಕಿಗಳ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಬಂದೂಕು ನಿಯಂತ್ರಣವನ್ನು ವಿರೋಧಿಸುವವರಿಗೆ ಆಸ್ಟ್ರೇಲಿಯಾ ಒಂದು ಉದಾಹರಣೆಯಾಗಿ ಸಿಕ್ಕಿತು. ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಬಂದೂಕು ಕಿತ್ತುಕೊಂಡ ಮೇಲೆ ಆಸ್ಟ್ರೇಲಿಯಾದಲ್ಲಿ ಅಪರಾಧ ಹೆಚ್ಚಾಗಿದೆ ಎಂದು ಟಿವಿಯಲ್ಲಿ ಪ್ರಚಾರ ಮಾಡಿತು. 2000ನೇ ಇಸವಿಯಲ್ಲಿ ನಮ್ಮ ಅಟಾರ್ನಿ ಜನರಲ್ ಡ್ಯಾರಿಲ್ ವಿಲಿಯಮ್ಸ್ ಅವರು ಆ ಸಂಘದ ಅಧ್ಯಕ್ಷ, ಸಿನಿಮಾ ನಟ ಚಾರ್ಲ್‌ಟನ್ ಹೆಸ್ಟನ್ ಅವರಿಗೆ ಪತ್ರ ಬರೆದು ಇದನ್ನು ವಿರೋಧಿಸಿದರು. ಒಂದು ಇಮೇಲ್ ಕೂಡ ಜಗತ್ತೆಲ್ಲ ಸುತ್ತಿತು. ಈಗಿನ ವಾಟ್ಸಾಪ್ ಫಾರ್ವರ್ಡ್ ಇದ್ದ ಹಾಗೆ. ವಿಕ್ಟೋರಿಯಾ ಒಂದರಲ್ಲೇ ಬಂದೂಕಿನ ಕೊಲೆಗಳು ಶೇಕಡಾ 300 ಹೆಚ್ಚಾಗಿವೆ ಎಂದು ಅದರಲ್ಲಿ ಬರೆದಿತ್ತು.

ಶೇಕಡಾ 300 ಎಂದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ಅದರ ಹಿಂದಿದ್ದ ಸಂಖ್ಯೆ ಎಷ್ಟು ಗೊತ್ತೇ? ವಿಕ್ಟೋರಿಯಾದಲ್ಲಿ 1996ರಲ್ಲಿ ಬಂದೂಕಿನಿಂದ ಆದ ಕೊಲೆಗಳು 7, 1997ರಲ್ಲಿ 19. ಲೆಕ್ಕ ಹಾಕಿ ನೋಡಿ, ಇದು ಶೇಕಡಾ 171ರ ಏರಿಕೆ, 300 ಅಲ್ಲ. ಆಗ ರಾಜ್ಯದ ಜನಸಂಖ್ಯೆ 45 ಲಕ್ಷಕ್ಕೂ ಹೆಚ್ಚು. ಹೆಚ್ಚಾದ ಆ 12 ಸಾವುಗಳು ಸಣ್ಣ ವಿಷಯ ಎಂದು ನಾನು ಹೇಳುತ್ತಿಲ್ಲ. ಒಂದೊಂದು ಸಾವಿನ ಹಿಂದೆಯೂ ಒಂದು ಮನೆ ಇದೆ. ಆದರೆ ಸಂಖ್ಯೆ ಇಷ್ಟು ಚಿಕ್ಕದಾಗಿದ್ದಾಗ ಅದು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಲೇ ಇರುತ್ತದೆ. 1987ರ ಆಗಸ್ಟ್‌ನಲ್ಲಿ ನಮ್ಮ ಮೆಲ್ಬರ್ನ್‌ನ ಹಾಡಲ್ ಸ್ಟ್ರೀಟ್‌ನಲ್ಲಿ ಒಂದೇ ರಾತ್ರಿ ಒಬ್ಬ ಮನುಷ್ಯ 7 ಜನರನ್ನು ಕೊಂದಿದ್ದ. ಅಂದರೆ 1996ರ ಇಡೀ ವರ್ಷದಷ್ಟು ಸಾವು ಒಂದೇ ರಾತ್ರಿಯಲ್ಲಿ! ಇನ್ನೊಂದು ವಿಷಯ: ಬಂದೂಕು ವಾಪಸ್ಸು ಪಡೆಯುವ ಕೆಲಸ 1997ರಲ್ಲೂ ನಡೆಯುತ್ತಲೇ ಇತ್ತು. ಕೆಲಸ ಮುಗಿಯುವ ಮೊದಲೇ ಅದರ ಫಲ ಇದು ಎಂದು ತೀರ್ಮಾನ ಮಾಡಿದರೆ ಹೇಗೆ?

ಅದೇ ಇಮೇಲ್‌ನಲ್ಲಿ ಆಯುಧ ತೋರಿಸಿ ಮಾಡುವ ದರೋಡೆಗಳು ಶೇಕಡಾ 44 ಹೆಚ್ಚಾದವು ಎಂದೂ ಇತ್ತು. ಆ ವರ್ಷಗಳಲ್ಲಿ ದರೋಡೆ ಹೆಚ್ಚಾದದ್ದು ನಿಜ. ಆದರೆ ಆಯುಧ ಎಂದರೆ ಬಂದೂಕೇ ಆಗಬೇಕಿಲ್ಲ. ಇಲ್ಲಿನ ಇಂಥ ದರೋಡೆಗಳಲ್ಲಿ ಬಂದೂಕಿಗಿಂತ ಹೆಚ್ಚಾಗಿ ಬಳಕೆಯಾಗುತ್ತಿದ್ದದ್ದು ಚಾಕು.

ಹಾಗಾದರೆ ಕಾನೂನಿನ ಪರ ಇರುವವರ ಅಂಕಿಗಳೆಲ್ಲ ಸರಿಯೇ? ಅದೂ ಇಲ್ಲ. ಟಾಸ್ಮೇನಿಯಾದ 1996 ಮತ್ತು 1997 ಎರಡೇ ವರ್ಷಗಳನ್ನು ಪಕ್ಕಪಕ್ಕ ಇಟ್ಟರೆ ಕೊಲೆಗಳು ಪಾತಾಳಕ್ಕೆ ಇಳಿದಂತೆ ಕಾಣುತ್ತದೆ, ಏಕೆಂದರೆ ಮೊದಲ ವರ್ಷದಲ್ಲಿ ಪೋರ್ಟ್ ಆರ್ಥರ್‌ನ 35 ಸಾವು ಸೇರಿರುತ್ತದೆ. ಇನ್ನು ಕೆಲವರು ಬಂದೂಕಿನ ಸಾವು ಕಡಿಮೆಯಾದದ್ದೆಲ್ಲ ಈ ಕಾನೂನಿನಿಂದಲೇ ಎನ್ನುತ್ತಾರೆ. ಆದರೆ ಅವು 1996ಕ್ಕಿಂತ ಮೊದಲೇ ಇಳಿಯಲು ಶುರುವಾಗಿದ್ದವು.

2006ರಲ್ಲಿ ಎರಡು ಅಧ್ಯಯನಗಳು ಬಂದವು. ಕಾನೂನಿನ ನಂತರ ಬಂದೂಕಿನ ಸಾವುಗಳು ಮೊದಲಿಗಿಂತ ವೇಗವಾಗಿ ಇಳಿದವು ಎಂದು ಒಂದು ಹೇಳಿತು. ಐದು ಅಥವಾ ಹೆಚ್ಚು ಜನ ಸತ್ತ ಗುಂಡಿನ ದಾಳಿಗಳು 1996ರವರೆಗಿನ 18 ವರ್ಷಗಳಲ್ಲಿ 13 ಆಗಿದ್ದವು, ನಂತರದ ಹತ್ತು ವರ್ಷಗಳಲ್ಲಿ ಒಂದೂ ಆಗಲಿಲ್ಲ ಎಂದೂ ತೋರಿಸಿತು. ಇನ್ನೊಂದು ಅಧ್ಯಯನ, ಕೊಲೆಗಳ ಮಟ್ಟಿಗೆ ಕಾನೂನಿನ ಪರಿಣಾಮ ಕಾಣಿಸುವುದಿಲ್ಲ ಎಂದಿತು. ಮೊದಲನೆಯದರ ಮುಖ್ಯ ಲೇಖಕರು ಬಂದೂಕು ನಿಯಂತ್ರಣಕ್ಕಾಗಿ ಹೋರಾಡಿದವರು, ಎರಡನೆಯದರ ಲೇಖಕರು ಶೂಟಿಂಗ್ ಸಂಘಗಳ ಜೊತೆ ಇದ್ದವರು. ಅಷ್ಟಕ್ಕೇ ಯಾರ ಲೆಕ್ಕವೂ ಸುಳ್ಳಾಗುವುದಿಲ್ಲ, ಆದರೆ ಅದು ನಮಗೆ ತಿಳಿದಿರಬೇಕು. ಮತ್ತೊಂದು ಮುಖ್ಯ ಮಾತು: ಇಲ್ಲಿ ಬಂದೂಕಿನ ಸಾವುಗಳಲ್ಲಿ ಹೆಚ್ಚಿನವು ಆತ್ಮಹತ್ಯೆಗಳು. ಅವು ಅಪರಾಧಗಳ ಪಟ್ಟಿಗೆ ಬರುವುದೇ ಇಲ್ಲ. ಕೇವಲ ಅಪರಾಧದ ಅಂಕಿ ಹಿಡಿದು ಜಗಳ ಆಡುವಾಗ ಈ ಜೀವಗಳನ್ನು ಎರಡೂ ಕಡೆಯವರು ಮರೆತುಬಿಡುತ್ತಾರೆ.

ನನಗೆ ಈ ಕಾನೂನು ಒಳ್ಳೆಯದೆಂದೇ ಅನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು. ಆದರೆ ಒಳ್ಳೆಯ ವಾದಕ್ಕೂ ಕೆಟ್ಟ ಲೆಕ್ಕ ಬೇಡ.

ಪ್ರತಿ ಚುನಾವಣೆಯಲ್ಲೂ ಅಪರಾಧ ಏರಿತು ಎಂದು ಒಬ್ಬರು, ಇಳಿಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಅಂಕಿ ಇರುತ್ತದೆ. ಆಗ ನಾಲ್ಕು ಪ್ರಶ್ನೆ ಕೇಳಿ. ಶೇಕಡಾ ಎಷ್ಟು ಎಂಬುದರ ಹಿಂದೆ ನಿಜವಾಗಿ ಎಷ್ಟು ಜನ? ಯಾವ ವರ್ಷದಿಂದ ಯಾವ ವರ್ಷಕ್ಕೆ ಹೋಲಿಸಿದ್ದಾರೆ? ಯಾವುದನ್ನು ಎಣಿಸಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ? ಹೇಳುತ್ತಿರುವವರು ಯಾರು?

ಈ ದೇಶದಲ್ಲಿ 18 ತುಂಬಿದ ಪ್ರಜೆಗಳಿಗೆ ಮತದಾನ ಕಡ್ಡಾಯ. ನನಗೆ ಇನ್ನು ಎರಡು ವರ್ಷ ಇದೆ, ನಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಇನ್ನೂ ಹತ್ತು ವರ್ಷ ಇರಬಹುದು. ಅಷ್ಟರಲ್ಲಿ ಈ ನಾಲ್ಕು ಪ್ರಶ್ನೆ ಅಭ್ಯಾಸ ಮಾಡಿಕೊಳ್ಳೋಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇನ್ನು ಫಾರ್ವರ್ಡ್ ಆಗಿ ಬಂದದ್ದನ್ನು ಪ್ರಮಾಣಿಸಿ ನೋಡದಿದ್ದರೆ ಹೇಗೆ?