ಗೃಧ್ರಸಿ (ಸಯಾಟಿಕಾ): ರೋಗನಿರ್ಣಯ ಮತ್ತು ಫಿಸಿಯೋಥೆರಪಿಯ ಇತಿಹಾಸ

ಸೊಂಟದ ಭಾಗದ ನರಬೇರು ಒತ್ತಡಕ್ಕೆ ಸಿಕ್ಕಾಗ ಪೃಷ್ಠದಿಂದ ಪಾದದವರೆಗೆ ಇಳಿಯುವ ನೋವೇ ಗೃಧ್ರಸಿ. ಚರಕಸಂಹಿತೆಯ ಚಿಕಿತ್ಸಾಸ್ಥಾನ ನೋವು ಸಾಗುವ ದಾರಿಯನ್ನು ಅನುಕ್ರಮವಾಗಿ ಹೇಳಿ, ವಾತಜ ಮತ್ತು ವಾತಕಫಜ ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ಕಾಲೆತ್ತಲು ತಡೆಯಾಗುತ್ತದೆ ಎಂಬ ಮಾತು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿದೆ. ಮಲಗಿದ ರೋಗಿಯ ಕಾಲನ್ನು ನೇರವಾಗಿ ಮೇಲೆತ್ತಿ ನೋಡುವ ಇಂದಿನ ಕಾಲೆತ್ತುವ ಪರೀಕ್ಷೆಯ ಮೂಲ ಇದೇ ಎನ್ನುವವರಿದ್ದಾರೆ. ಆದರೆ ಸುಶ್ರುತನು ಹೇಳಿರುವುದು ರೋಗಿಯ ಲಕ್ಷಣವನ್ನು. ವೈದ್ಯ ತಾನೇ ಕಾಲೆತ್ತಿ ನೋಡುವ ಕ್ರಮ ಅಲ್ಲಿಲ್ಲ.

ಇಟಲಿಯ ವೈದ್ಯ ದೊಮೆನಿಕೊ ಕೊತುನ್ಯೊ 1764ರಲ್ಲಿ ಈ ನೋವು ಕೀಲಿನದಲ್ಲ, ನರದ್ದು ಎಂದು ಬೇರ್ಪಡಿಸಿದ.

ಕಾಲೆತ್ತುವ ಪರೀಕ್ಷೆಗೆ ಫ್ರಾನ್ಸಿನ ವೈದ್ಯ ಲಸೇಗ್ ಹೆಸರು ಅಂಟಿಕೊಂಡಿದೆ. ಸಯಾಟಿಕಾ ಕುರಿತ ಆತನ 1864ರ ಲೇಖನದಲ್ಲಿ ಈ ಪರೀಕ್ಷೆಯಿಲ್ಲ. ಅದನ್ನು ವಿವರಿಸಿದವನು ಶಿಷ್ಯ ಫೋರ್ಸ್ಟ್, 1881ರ ಪ್ರಬಂಧದಲ್ಲಿ. ಸ್ನಾಯುಗಳು ನರವನ್ನು ಅದುಮುವುದರಿಂದ ನೋವು ಎಂಬುದು ಅವನ ಊಹೆ. ಒಂದು ವರ್ಷ ಮೊದಲೇ, 1880ರಲ್ಲಿ, ಸರ್ಬಿಯಾದ ವೈದ್ಯ ಲಜಾ ಲಜಾರೆವಿಚ್ ಇದೇ ಪರೀಕ್ಷೆಯನ್ನು ಬರೆದು, ನರ ಎಳೆತಕ್ಕೆ ಸಿಗುವುದೇ ಕಾರಣವೆಂದಿದ್ದ. ಸರಿಯಾದ ವಿವರಣೆ ಅವನದೇ. ಸರ್ಬಿಯನ್ ಭಾಷೆಯಲ್ಲಿ ಪ್ರಕಟವಾದ ಬರಹಕ್ಕೆ ಹೊರಗೆ ಹೆಚ್ಚು ಓದುಗರು ಸಿಗಲಿಲ್ಲ. ಪಠ್ಯಪುಸ್ತಕಗಳು ಅವನಿಗೆ ಸಲ್ಲಬೇಕಾದುದನ್ನು ಸಲ್ಲಿಸಬೇಕಿದೆ.

1934ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್, ಬೆನ್ನುಮೂಳೆಯ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದನ್ನು ತೋರಿಸಿದರು. ಶಸ್ತ್ರಚಿಕಿತ್ಸೆ ಮುಂದಕ್ಕೆ ಬಂತು. ಎಂಆರ್‌ಐ ಬಂದ ಮೇಲೆ ಡಿಸ್ಕಿನ ಚಿತ್ರವನ್ನೇ ರೋಗವೆಂದು ಓದುವ ಅಭ್ಯಾಸ ಬೆಳೆಯಿತು. 1994ರ ಅಧ್ಯಯನವೊಂದು ಬೆನ್ನುನೋವೇ ಇಲ್ಲದ 98 ಜನರನ್ನು ಪರೀಕ್ಷಿಸಿದಾಗ ಶೇಕಡಾ 52 ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಈ ಇತಿಹಾಸದ ನಿಜವಾದ ತಿರುವು ಇದು: ಚಿತ್ರ ಕೈಪರೀಕ್ಷೆಯ ಜೊತೆ ಹೊಂದಿದರೆ ಮಾತ್ರ ಅರ್ಥಪೂರ್ಣ. ಹಾಸಿಗೆ ಬಿಟ್ಟೇಳಬಾರದೆಂಬ ಹಳೆಯ ಕಟ್ಟುಪಾಡೂ ಬಿದ್ದುಹೋಯಿತು. 1999ರಲ್ಲಿ 183 ರೋಗಿಗಳ ಮೇಲೆ ನಡೆದ ನೆದರ್ಲೆಂಡ್ಸ್ ಪ್ರಯೋಗದಲ್ಲಿ ಎರಡು ವಾರ ಮಲಗಿದವರಿಗೂ ಮಲಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿದರೂ, ವರ್ಷದ ಕೊನೆಗೆ ಕಾದು ನೋಡಿದವರೂ ಅವರಷ್ಟೇ ಚೇತರಿಸಿಕೊಂಡಿದ್ದರು ಎಂದು 2007ರ ಇನ್ನೊಂದು ಪ್ರಯೋಗ ತಿಳಿಸಿತು. ಫಿಸಿಯೋಥೆರಪಿಸ್ಟ್‌ಗಳಾದ ನ್ಯೂಜಿಲೆಂಡಿನ ಮೆಕೆಂಜಿ, ಆಸ್ಟ್ರೇಲಿಯಾದ ಎಲ್ವಿ ಮತ್ತು ಬಟ್ಲರ್ ರೂಪಿಸಿದ ವ್ಯಾಯಾಮಗಳಿಗೆ ಇದರಿಂದ ಹೆಚ್ಚು ಜಾಗ ಸಿಕ್ಕಿತು.

ಈ ತಿಳಿವು ನಮ್ಮ ಊರುಗಳಿಗೂ ಬೇಕು. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಬೀಡಿ ಕಟ್ಟುವ ಹೆಂಗಸರು ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟು ತಾಸುಗಟ್ಟಲೆ ಬಾಗಿ ಕೂರುತ್ತಾರೆ. ಬಾಗಿ ಕುಳಿತಾಗ ಡಿಸ್ಕಿನೊಳಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೆಂದು ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಅಳೆದು ತೋರಿಸಿದ್ದ. ಈ ಭಾಗದವರಿಗೆ ವಾಮದಪದವಿನ ಸಮುದಾಯ ಆರೋಗ್ಯ ಕೇಂದ್ರವಿದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ಫಿಸಿಯೋಥೆರಪಿ ಕಾಲೇಜು, ಉಜಿರೆಯಲ್ಲಿ 1989ರಲ್ಲಿ ಆರಂಭವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ಇವೆ. ಕಾಲೆತ್ತುವ ಪರೀಕ್ಷೆಗೆ ಒಂದು ಮಂಚ ಸಾಕು. ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಚರ್ಮ ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ ಮಾತ್ರ ವ್ಯಾಯಾಮ ನಿಲ್ಲಿಸಿ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.